ಜನರಲ್ ತಿಮ್ಮಯ್ಯನವರು ಗೆದ್ದ ಯುದ್ಧಗಳೆಷ್ಟು?

ಹಲವು ವರ್ಷಗಳ ಹಿಂದೆ ಶಾಲಾ ಪ್ರವಾಸದಲ್ಲಿ ಮಡಿಕೇರಿಯ ಜನರಲ್ ತಿಮ್ಮಯ್ಯನವರ ಪ್ರತಿಮೆಯ ಮುಂದೆ ನಿಂತಿದ್ದಾಗ, ಒಂಬತ್ತನೇ ತರಗತಿಯ ಹುಡುಗನೊಬ್ಬ "ಸಾರ್, ಇವರು ಎಷ್ಟು ಯುದ್ಧ ಗೆದ್ದರು?" ಎಂದು ಕೇಳಿದ. ನಾನು ಬರ್ಮಾ, ಕಾಶ್ಮೀರ ಎಂದು ಬೆರಳು ಮಡಿಚಿ ಲೆಕ್ಕ ಒಪ್ಪಿಸಿದೆ. ಆ ಉತ್ತರ ಅಪೂರ್ಣವಾಗಿತ್ತೆಂದು ಈಗ ಅನಿಸುತ್ತದೆ.

ಕೊಡಂದೇರ ಸುಬ್ಬಯ್ಯ ತಿಮ್ಮಯ್ಯನವರು ಹುಟ್ಟಿದ್ದು 1906ರಲ್ಲಿ, ಮಡಿಕೇರಿಯಲ್ಲಿ. ಸ್ಯಾಂಡ್‌ಹರ್ಸ್ಟ್‌ನಲ್ಲಿ ತರಬೇತಿ ಪಡೆದು 1926ರಲ್ಲಿ ಸೇನಾಧಿಕಾರಿಯಾದರು. ಎರಡನೇ ಮಹಾಯುದ್ಧದಲ್ಲಿ ಬರ್ಮಾದ ಅರಕಾನ್ ಪ್ರಾಂತದಲ್ಲಿ ಜಪಾನೀಯರ ವಿರುದ್ಧ ಹೋರಾಡಿದರು. ಆ ಯುದ್ಧದಲ್ಲಿ ಕಾಲಾಳು ಬ್ರಿಗೇಡೊಂದನ್ನು ರಣರಂಗದಲ್ಲಿ ಮುನ್ನಡೆಸಿದ ಏಕೈಕ ಭಾರತೀಯರೆಂಬ ಕೀರ್ತಿ ಅವರದು.

1948ರಲ್ಲಿ ಶತ್ರುಗಳು ಜೋಜಿಲಾ ಕಣಿವೆಯನ್ನು ಹಿಡಿದಿದ್ದರು. ಲೇಹ್‌ನ ದಾರಿ ಮುಚ್ಚಿತ್ತು. ಸೆಪ್ಟೆಂಬರಿನ ದಾಳಿ ವಿಫಲವಾಯಿತು, ಚಳಿಗಾಲ ಸಮೀಪಿಸುತ್ತಿತ್ತು. ಸುಮಾರು ಹನ್ನೊಂದು ಸಾವಿರ ಅಡಿ ಎತ್ತರದ ಆ ಕಣಿವೆಗೆ ಟ್ಯಾಂಕುಗಳನ್ನು ಏರಿಸಲು ಮೇಜರ್ ಜನರಲ್ ತಿಮ್ಮಯ್ಯನವರು ನಿಶ್ಚಯಿಸಿದರು. ಗುರುತು ಸಿಗದಂತೆ ಟ್ಯಾಂಕುಗಳ ಗೋಪುರಗಳನ್ನು ಬಿಚ್ಚಿ ಸಾಗಿಸಲಾಯಿತು. ನವೆಂಬರ್ 1ರಂದು ಜೋಜಿಲಾ ವಶವಾಯಿತು; ಅದೇ ತಿಂಗಳಲ್ಲಿ ದ್ರಾಸ್, ಕಾರ್ಗಿಲ್‌ಗಳೂ ಕೈಸೇರಿದವು.

ಇಷ್ಟನ್ನು ನಾನು ಅಂದು ಹೇಳಿದ್ದೆ. ಹೇಳದೆ ಬಿಟ್ಟದ್ದು ಕೊರಿಯಾದ ವೃತ್ತಾಂತ. 1953ರಲ್ಲಿ ಅಲ್ಲಿ ಕದನ ನಿಂತಾಗ, ತಾಯ್ನಾಡಿಗೆ ಮರಳಲೊಲ್ಲದ 22 ಸಾವಿರಕ್ಕೂ ಹೆಚ್ಚು ಚೀನೀ ಮತ್ತು ಕೊರಿಯನ್ ಯುದ್ಧಕೈದಿಗಳ ಭವಿಷ್ಯ ನಿರ್ಧರಿಸಬೇಕಿದ್ದ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ತಿಮ್ಮಯ್ಯನವರೇ ಅಧ್ಯಕ್ಷರು. ಕೈದಿಗಳು ತಮ್ಮ ಸರ್ಕಾರದ ಪ್ರತಿನಿಧಿಗಳ ಮಾತು ಕೇಳಲೂ ಒಪ್ಪದಿದ್ದಾಗ ಬಲ ಪ್ರಯೋಗಿಸಬೇಕೆಂಬ ಒತ್ತಡ ಬಂತು. ಅವರು ಮಣಿಯಲಿಲ್ಲ. ಕೈಯಲ್ಲಿ ಬಂದೂಕಿದ್ದೂ ಪ್ರಯೋಗಿಸದಿರುವುದಕ್ಕೆ ಎಂತಹ ಧೈರ್ಯ ಬೇಕು!

1957ರಲ್ಲಿ ಸೇನಾ ಮುಖ್ಯಸ್ಥರಾದರು. ರಕ್ಷಣಾ ಸಚಿವ ಕೃಷ್ಣ ಮೆನನ್ ಅವರೊಡನೆ ಭಿನ್ನಾಭಿಪ್ರಾಯ ಬೆಳೆದು 1959ರಲ್ಲಿ ರಾಜೀನಾಮೆ ಕೊಟ್ಟರೂ, ನೆಹರೂ ಮನವೊಲಿಸಿದಾಗ ಹಿಂಪಡೆದರು. ಅದಕ್ಕೆ ಪ್ರತಿಯಾಗಿ ಸಂಸತ್ತಿನಲ್ಲಿ ಅವರಿಗೆ ದೊರೆತದ್ದು ಆಕ್ಷೇಪಣೆ. ಅವರು ನಿವೃತ್ತರಾದ ಮರುವರ್ಷವೇ, 1962ರಲ್ಲಿ, ನಾವು ಚೀನಾದೆದುರು ಸೋತೆವು.

ಮತ್ತೆ ಕರೆ ಬಂದದ್ದು ಸೈಪ್ರಸ್ಸಿನಿಂದ. ವಿಶ್ವಸಂಸ್ಥೆಯ ಶಾಂತಿಪಡೆಯ ದಂಡನಾಯಕರಾಗಿದ್ದಾಗಲೇ 1965ರ ಡಿಸೆಂಬರ್ 18ರಂದು ಅಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಸೈಪ್ರಸ್ ಅವರ ನೆನಪಿಗೆ ಅಂಚೆಚೀಟಿ ಹೊರತಂದಿತು.

ಆ ಹುಡುಗ ಈಗ ಎಲ್ಲಿದ್ದಾನೋ ತಿಳಿಯದು. ಸಿಕ್ಕರೆ ಹೇಳಬೇಕು: ಮಗು, ಗೆದ್ದ ಯುದ್ಧಗಳ ಜೊತೆಗೆ, ಅವರು ಆಗಗೊಡದ ರಕ್ತಪಾತವನ್ನೂ ಲೆಕ್ಕಕ್ಕೆ ಸೇರಿಸಿಕೊ.