ಡಿಸ್ಕ್ ವಿಭಾಗಗಳಿಗೆ ಗ್ರಬ್ ನೀಡುವ ಹೆಸರುಗಳು

ಗಣಕಯಂತ್ರದ ಗುಂಡಿ ಒತ್ತಿದ ಬಳಿಕ ಕಾರ್ಯಾಚರಣ ವ್ಯವಸ್ಥೆಯನ್ನು ಡಿಸ್ಕ್‌ನಲ್ಲಿ ಹುಡುಕಿ ಆರಂಭಿಸುವ ಸಣ್ಣ ತಂತ್ರಾಂಶವೇ ಬೂಟ್ ಲೋಡರ್. ಲಿನಕ್ಸ್ ಬಳಸುವವರಿಗೆ ಇವುಗಳಲ್ಲಿ ಚಿರಪರಿಚಿತವಾದುದು ಗ್ರಬ್. 1995ರಲ್ಲಿ ಎರಿಕ್ ಬೋಲೆನ್ ಅವರು ಗ್ನೂ ಹರ್ಡ್ ವ್ಯವಸ್ಥೆಗಾಗಿ ರೂಪಿಸಿದ ಈ ತಂತ್ರಾಂಶವು 1999ರಲ್ಲಿ ಗ್ನೂ ಯೋಜನೆಯ ಅಧಿಕೃತ ಭಾಗವಾಯಿತು. ಒಂದೇ ಯಂತ್ರದಲ್ಲಿ ವಿಂಡೋಸ್ ಮತ್ತು ಲಿನಕ್ಸ್ ಎರಡನ್ನೂ ಇರಿಸಿಕೊಂಡವರು ಗ್ರಬ್ ಯಾವ ವಿಭಾಗವನ್ನು ಯಾವ ಹೆಸರಿನಿಂದ ಕರೆಯುತ್ತದೆ ಎಂಬುದನ್ನು ಅರಿತಿರುವುದು ಅಗತ್ಯ. ಒಂದು ಅಂಕಿ ತಪ್ಪಿದರೆ ಯಂತ್ರ ಆರಂಭವಾಗದು. ಅದೇ ತಪ್ಪು ಫಾರ್ಮ್ಯಾಟ್ ಮಾಡುವಾಗ ನಡೆದರೆ ವರ್ಷಗಳ ಕಡತಗಳು ಕೈತಪ್ಪಬಹುದು.

ಎಣಿಕೆಯ ಕ್ರಮ

ಗ್ರಬ್ ಡಿಸ್ಕ್‌ಗಳನ್ನು ಸೊನ್ನೆಯಿಂದ ಎಣಿಸುತ್ತದೆ. ಮೊದಲ ಡಿಸ್ಕ್ ಎಚ್‌ಡಿ0, ಎರಡನೆಯದು ಎಚ್‌ಡಿ1. ಅಲ್ಪವಿರಾಮದ ನಂತರ ವಿಭಾಗದ ಸಂಖ್ಯೆ ಬರುತ್ತದೆ. ಇಡೀ ಹೆಸರನ್ನು ಆವರಣ ಚಿಹ್ನೆಯೊಳಗೆ ಬರೆಯಲಾಗುತ್ತದೆ. 0.97ರವರೆಗಿನ ಹಳೆಯ ಗ್ರಬ್ ವಿಭಾಗಗಳನ್ನೂ ಸೊನ್ನೆಯಿಂದಲೇ ಎಣಿಸುತ್ತಿತ್ತು. ಗ್ರಬ್ 2ರಲ್ಲಿ ವಿಭಾಗಗಳ ಎಣಿಕೆ 1ರಿಂದ ಆರಂಭವಾಗುತ್ತದೆ. ಹೀಗಾಗಿ (ಎಚ್‌ಡಿ0,1) ಎಂಬುದು ಹಳೆಯದರಲ್ಲಿ ಎರಡನೆಯ ವಿಭಾಗ, ಹೊಸದರಲ್ಲಿ ಮೊದಲನೆಯದು. ಹಳೆಯ ಕೈಪಿಡಿಯ ಸಾಲುಗಳನ್ನು ಹೊಸ ಯಂತ್ರದಲ್ಲಿ ಹಾಗೆಯೇ ಬೆರಳಚ್ಚಿಸುವವರು ಎಡವುವುದು ಇಲ್ಲಿಯೇ.

ಎಂಬಿಆರ್ ಪದ್ಧತಿಯ ವಿಭಾಗ ಪಟ್ಟಿಯಲ್ಲಿ ನಾಲ್ಕು ಪ್ರಾಥಮಿಕ ವಿಭಾಗಗಳಿಗಷ್ಟೇ ಸ್ಥಳವಿದೆ. ಆದುದರಿಂದ ಪ್ರಾಥಮಿಕ ವಿಭಾಗಗಳು ನಾಲ್ಕಕ್ಕಿಂತ ಕಡಿಮೆಯಿದ್ದರೂ ಮೊದಲ ತಾರ್ಕಿಕ ವಿಭಾಗಕ್ಕೆ ಗ್ರಬ್ 2ರಲ್ಲಿ 5ನೆಯ ಸಂಖ್ಯೆಯೇ ದೊರೆಯುತ್ತದೆ. ಜಿಪಿಟಿ ಪದ್ಧತಿಯಲ್ಲಿ ಈ ಭೇದವಿಲ್ಲ. ಅಲ್ಲಿ ಸಾಮಾನ್ಯವಾಗಿ 128 ವಿಭಾಗಗಳಿಗೆ ಅವಕಾಶವಿರುತ್ತದೆ. ಗ್ರಬ್ 2 ಪದ್ಧತಿಯ ಹೆಸರನ್ನೂ ಸೇರಿಸಿ (ಎಚ್‌ಡಿ0,ಎಂಎಸ್‌ಡಾಸ್5) ಅಥವಾ (ಎಚ್‌ಡಿ0,ಜಿಪಿಟಿ2) ಎಂದು ತೋರಿಸುತ್ತದೆ. ಕೀಲಿಮಣೆಯಲ್ಲಿ ಇವೆಲ್ಲವನ್ನೂ ಇಂಗ್ಲಿಷ್‌ನ ಸಣ್ಣ ಅಕ್ಷರಗಳಲ್ಲಿಯೇ ಬೆರಳಚ್ಚಿಸಬೇಕು.

ಹೆಸರು ಬದಲಾಗುವುದೇಕೆ?

ಗ್ರಬ್ ನೀಡುವ ಹೆಸರು ಡಿಸ್ಕ್‌ನ ಸ್ಥಾನವನ್ನು ಹೇಳುತ್ತದೆಯೇ ಹೊರತು ಅದರ ಗುರುತನ್ನಲ್ಲ. ಬಯಾಸ್ ಒದಗಿಸುವ ಕ್ರಮವನ್ನೇ ಅದು ಅನುಸರಿಸುತ್ತದೆ. ಹೊಸ ಡಿಸ್ಕ್ ಜೋಡಿಸಿದಾಗ ಅಥವಾ ಯುಎಸ್‌ಬಿ ಡ್ರೈವ್‌ನಿಂದ ಯಂತ್ರ ಆರಂಭಿಸಿದಾಗ ನಿನ್ನೆಯ ಎಚ್‌ಡಿ0 ಇಂದು ಎಚ್‌ಡಿ1 ಆಗಬಹುದು. ಲಿನಕ್ಸ್ ಅದೇ ಡಿಸ್ಕ್‌ಗಳನ್ನು ಎಸ್‌ಡಿಎ, ಎಸ್‌ಡಿಬಿ ಎಂದು ತಾನು ಕಂಡುಕೊಂಡ ಕ್ರಮದಲ್ಲಿ ಕರೆಯುತ್ತದೆ. ಆದ್ದರಿಂದ ಎಚ್‌ಡಿ0 ಮತ್ತು ಎಸ್‌ಡಿಎ ಒಂದೇ ಡಿಸ್ಕ್ ಎಂದು ಭಾವಿಸುವಂತಿಲ್ಲ.

ಸ್ಥಿರವಾದ ಗುರುತು

ಈ ಗೊಂದಲಕ್ಕೆ ಪರಿಹಾರವೇ ಯುಯುಐಡಿ. ವಿಭಾಗವನ್ನು ಫಾರ್ಮ್ಯಾಟ್ ಮಾಡಿದಾಗ ಅದರ ಕಡತ ವ್ಯವಸ್ಥೆಯಲ್ಲಿ ದಾಖಲಾಗುವ ಈ ಗುರುತು, ಡಿಸ್ಕ್‌ನ ಸ್ಥಾನ ಬದಲಾದರೂ ಬದಲಾಗದು. ಗ್ರಬ್ 2 ತನ್ನ ಸರ್ಚ್ ಆದೇಶದ ಮೂಲಕ ಇದನ್ನು ಹುಡುಕಿ ಸರಿಯಾದ ವಿಭಾಗವನ್ನು ತಲಪುತ್ತದೆ. ಲಿನಕ್ಸ್‌ನಲ್ಲಿ ಬಿಎಲ್‌ಕೆಐಡಿ ಆದೇಶದಿಂದ ಇದನ್ನು ತಿಳಿಯಬಹುದು. ಆದರೆ ಎರಡು ಸಂಗತಿಗಳನ್ನು ಮರೆಯಬಾರದು. ವಿಭಾಗವನ್ನು ಮತ್ತೆ ಫಾರ್ಮ್ಯಾಟ್ ಮಾಡಿದರೆ ಗುರುತು ಹೊಸದಾಗುತ್ತದೆ. ಇಡೀ ಡಿಸ್ಕ್ ಅನ್ನು ಯಥಾವತ್ತಾಗಿ ನಕಲು ಮಾಡಿದರೆ ಎರಡು ಡಿಸ್ಕ್‌ಗಳಿಗೂ ಒಂದೇ ಗುರುತಿರುತ್ತದೆ. ಆಗ ಒಂದನ್ನು ಕಳಚಿಡುವುದು ಅಥವಾ ಅದರ ಗುರುತನ್ನು ಬದಲಿಸುವುದು ಕ್ಷೇಮ.

ಯಂತ್ರ ಆರಂಭವಾಗದೆ ಗ್ರಬ್ ರೆಸ್ಕ್ಯೂ ಎಂಬ ಸಾಲಿನಲ್ಲಿಯೇ ನಿಂತರೆ ಗಾಬರಿಪಡಬೇಕಿಲ್ಲ. ಎಲ್‌ಎಸ್ ಎಂದು ಬೆರಳಚ್ಚಿಸಿದರೆ ಗ್ರಬ್‌ಗೆ ಕಾಣುವ ಡಿಸ್ಕ್ ಹಾಗೂ ವಿಭಾಗಗಳ ಪಟ್ಟಿ ಮೂಡುತ್ತದೆ. ಅದರ ಮುಂದೆ ವಿಭಾಗದ ಹೆಸರನ್ನೂ ಓರೆಗೆರೆಯನ್ನೂ ಸೇರಿಸಿದರೆ, ಗ್ರಬ್ ಓದಬಲ್ಲ ವಿಭಾಗವಾಗಿದ್ದಲ್ಲಿ ಅದರೊಳಗಿನ ಕಡತಕೋಶಗಳು ಕಾಣುತ್ತವೆ. ಬೂಟ್ ಎಂಬ ಕಡತಕೋಶ ಇರುವ ವಿಭಾಗವನ್ನು ಹೀಗೆ ಒಂದೊಂದಾಗಿ ಹುಡುಕಬಹುದು. ಈ ಪರಿಶೀಲನೆಯಿಂದ ಡಿಸ್ಕ್‌ನಲ್ಲಿ ಏನೂ ಬದಲಾಗುವುದಿಲ್ಲ. ಕಡತಗಳು ಅಳಿದಿವೆಯೆಂದು ಭಾವಿಸಿ ವ್ಯವಸ್ಥೆಯನ್ನು ಮರುಸ್ಥಾಪಿಸಲು ಹೊರಡುವ ಮುನ್ನ ಇಷ್ಟನ್ನು ಮಾಡಿ ನೋಡುವುದು ಒಳಿತು.