ಹವ್ಯಾಸದ ಸಂಗ್ರಹ ಮತ್ತು ಅದರ ವಾರಸುದಾರಿಕೆ: ಮಂಡ್ಯ ಸೀಮೆಯ ಕೆಲವು ನಿದರ್ಶನಗಳು

ಕರ್ನಾಟಕದಲ್ಲಿ ನಡೆದ ಸಾಂಸ್ಕೃತಿಕ ಸಂಗ್ರಹಕಾರ್ಯದ ಚರಿತ್ರೆಯನ್ನು ಬರೆಯುವಾಗ ವಿಶ್ವವಿದ್ಯಾನಿಲಯಗಳಿಗೂ ಅಕಾಡೆಮಿಗಳಿಗೂ ಸರ್ಕಾರದ ಇಲಾಖೆಗಳಿಗೂ ಮೊದಲ ಸ್ಥಾನ ಕೊಡುವುದು ವಾಡಿಕೆಯಾಗಿದೆ. ಈ ಸಂಸ್ಥೆಗಳು ಹುಟ್ಟುವುದಕ್ಕೆ ಮೊದಲೂ, ಹುಟ್ಟಿದ ಮೇಲೆ ಅವುಗಳ ಹೊರಗೂ, ಜೀವನೋಪಾಯದ ದುಡಿಮೆಯ ನಡುವೆ ಬಿಡುವು ಮಾಡಿಕೊಂಡು ಸಂಗ್ರಹದಲ್ಲಿ ತೊಡಗಿದ ವ್ಯಕ್ತಿಗಳ ಪರಂಪರೆಯೊಂದು ಇದೆ. ಅವರ ಕಾರ್ಯವನ್ನು ‘ಹವ್ಯಾಸ’ ಎಂದು ಕರೆದು ಪಕ್ಕಕ್ಕೆ ಇಡಲಾಗುತ್ತದೆ. ಮಂಡ್ಯ ಜಿಲ್ಲೆಯ ಮಟ್ಟಿಗಂತೂ ಹೀಗೆ ಪಕ್ಕಕ್ಕೆ ಇಟ್ಟರೆ ಉಳಿಯುವ ಚರಿತ್ರೆ ಅಪೂರ್ಣವಾದುದು. ಈ ಸೀಮೆಯ ಹಾಡು, ಪುಸ್ತಕ ಮತ್ತು ಬಿತ್ತನೆಯ ಬೀಜಗಳ ದೊಡ್ಡ ಸಂಗ್ರಹಗಳು ಮೂಲತಃ ಹವ್ಯಾಸದಿಂದಲೇ ಬೆಳೆದವು. ಅವು ಹೇಗೆ ರೂಪುಗೊಂಡವು, ಸಂಗ್ರಾಹಕನ ನಂತರ ಅವುಗಳ ಗತಿಯೇನು ಎಂಬ ಎರಡು ಪ್ರಶ್ನೆಗಳನ್ನು ಈ ಲೇಖನದಲ್ಲಿ ಪರಿಶೀಲಿಸಲಾಗಿದೆ.

ಪರಂಪರೆಯ ಪಾಲಕರು

ಸಂಗ್ರಹಿಸುವುದು, ಕಾಪಾಡುವುದು ಗ್ರಾಮೀಣ ಬದುಕಿಗೆ ಹೊಸದಲ್ಲ. ಕಣಜ, ವಾಡೆ, ಹಗೇವುಗಳಲ್ಲಿ ಧಾನ್ಯವನ್ನು ಕಾಪಾಡುವ, ಬೂದಿ ಬೆರೆಸಿ ತರಕಾರಿಯ ಬೀಜವನ್ನು ಮುಂದಿನ ಮಳೆಗಾಲಕ್ಕೆ ಎತ್ತಿಡುವ ಕೆಲಸವನ್ನು ಮನೆಯ ಹೆಣ್ಣುಮಕ್ಕಳು ತಲೆತಲಾಂತರದಿಂದ ಮಾಡಿಕೊಂಡು ಬಂದಿದ್ದಾರೆ. ಒಕ್ಕಲು ಮನೆತನಗಳ ವಂಶಾವಳಿಯನ್ನು ನೆನಪಿನಲ್ಲಿಟ್ಟುಕೊಂಡು ಎತ್ತಿನ ಮೇಲೆ ಊರೂರು ತಿರುಗುತ್ತಿದ್ದ ಹೆಳವರು ಒಂದು ಬಗೆಯ ಜಂಗಮ ದಾಖಲೆಯೇ ಆಗಿದ್ದರು. ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರದ ಮಠವನ್ನು ನೆಲೆಯಾಗಿಸಿಕೊಂಡ ಮಂಟೇಸ್ವಾಮಿ ಪರಂಪರೆಯ ನೀಲಗಾರರು ರಾತ್ರಿಯಿಡೀ ಹಾಡಿದರೂ ಮುಗಿಯದ ಕಾವ್ಯವನ್ನು ಕಂಠಸ್ಥವಾಗಿ ಉಳಿಸಿಕೊಂಡು ಬಂದವರು.

ಇಲ್ಲಿ ಗಮನಿಸಬೇಕಾದ ಮುಖ್ಯ ಅಂಶವೊಂದಿದೆ. ನೀಲಗಾರನಿಗೆ ದೀಕ್ಷೆಯುಂಟು, ಗುರುವುಂಟು, ಮಠವುಂಟು, ಹಾಡನ್ನು ಕೇಳುವ ಒಕ್ಕಲುಂಟು. ಚಿಕ್ಕಲ್ಲೂರು, ಕಪ್ಪಡಿಗಳ ಜಾತ್ರೆಗಳು ವರ್ಷಕ್ಕೊಮ್ಮೆ ಆ ಕಾವ್ಯವನ್ನು ಮತ್ತೆ ಬಾಯಿಗೆ ತರುತ್ತವೆ. ಒಬ್ಬ ನೀಲಗಾರ ಕಣ್ಮುಚ್ಚಿದರೆ ಅವನ ತಂಬೂರಿ ಇನ್ನೊಬ್ಬನ ಕೈಗೆ ಹೋಗುತ್ತದೆ. ಅಂದರೆ ಪಾರಂಪರಿಕ ಸಂಗ್ರಹದಲ್ಲಿ ವಾರಸುದಾರಿಕೆಯ ವ್ಯವಸ್ಥೆ ಸಂಗ್ರಹದೊಳಗೇ ಅಡಕವಾಗಿದೆ. ಹವ್ಯಾಸದ ಸಂಗ್ರಹಕ್ಕೆ ಇಂಥ ವ್ಯವಸ್ಥೆಯಿಲ್ಲ. ಅದು ಒಬ್ಬನ ಆಸಕ್ತಿಯಿಂದ ಹುಟ್ಟಿ ಅವನ ಆಯುಷ್ಯದೊಡನೆಯೇ ಅಪಾಯಕ್ಕೆ ಸಿಲುಕುತ್ತದೆ.

ಬಿಡುವಿನ ಹುಟ್ಟು

ಹವ್ಯಾಸಕ್ಕೆ ಬಿಡುವು ಬೇಕು, ಅಷ್ಟಿಷ್ಟು ಹಣವೂ ಬೇಕು. ಮಂಡ್ಯ ಸೀಮೆಯಲ್ಲಿ ಇವೆರಡನ್ನೂ ಒದಗಿಸಿದ್ದು ಇಪ್ಪತ್ತನೆಯ ಶತಮಾನದ ನೀರಾವರಿ ಮತ್ತು ಕೈಗಾರಿಕೆ. 1911ರಲ್ಲಿ ಕನ್ನಂಬಾಡಿಯಲ್ಲಿ ಕೃಷ್ಣರಾಜಸಾಗರದ ಕಟ್ಟೆಯ ಕೆಲಸ ಆರಂಭವಾಯಿತು. 1930ರ ದಶಕದಲ್ಲಿ ಇರ್ವಿನ್ ನಾಲೆಯ, ಅಂದರೆ ಮುಂದೆ ವಿಶ್ವೇಶ್ವರಯ್ಯ ನಾಲೆಯೆಂದು ಹೆಸರಾದ ಕಾಲುವೆಯ ನೀರು ಮಂಡ್ಯ, ಮದ್ದೂರು, ಮಳವಳ್ಳಿಗಳ ಬಯಲಿಗೆ ಹರಿಯಿತು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಮಂಡ್ಯದಲ್ಲಿ ಸ್ಥಾಪನೆಗೊಂಡಿತು. 1939ರಲ್ಲಿ ಮಂಡ್ಯ ಪ್ರತ್ಯೇಕ ಜಿಲ್ಲೆಯಾಯಿತು. ಕಬ್ಬು ಮತ್ತು ಭತ್ತದ ಆದಾಯದಿಂದ ಶಾಲೆ ಕಾಲೇಜುಗಳು ಬಂದವು. ಒಕ್ಕಲು ಮಕ್ಕಳು ಓದಿ ಕಚೇರಿ, ಕಾರ್ಖಾನೆಗಳ ಸಂಬಳದ ನೌಕರಿಗೆ ಸೇರಿದರು. ಪಾಳಿ ಮುಗಿದ ಮೇಲೆ ಉಳಿಯುವ ಹೊತ್ತು ಎಂಬ ಹೊಸ ಬಗೆಯ ಕಾಲವೊಂದು ಅವರ ಬದುಕಿಗೆ ಸೇರಿತು.

ಇದೇ ಬದಲಾವಣೆ ಹಳೆಯದನ್ನು ಅಳಿಸುವ ಕೆಲಸವನ್ನೂ ಮಾಡಿತು. ಯಂತ್ರಗಳು ಬಂದಂತೆ ರಾಗಿ ಬೀಸುವ, ಭತ್ತ ಕುಟ್ಟುವ ಹಾಡುಗಳಿಗೆ ಕೆಲಸವಿಲ್ಲದಾಯಿತು. ಹೆಚ್ಚು ಇಳುವರಿಯ ತಳಿಗಳು ಬಂದಂತೆ ಊರಿನ ಭತ್ತಗಳು ಗದ್ದೆಯಿಂದ ಹಿಂದೆ ಸರಿದವು. ಸಂಗ್ರಾಹಕನಿಗೆ ಬಿಡುವನ್ನು ಕೊಟ್ಟ ಚರಿತ್ರೆಯೇ ಅವನು ಸಂಗ್ರಹಿಸಬೇಕಾದುದನ್ನು ಅಪರೂಪವಾಗಿಸಿತು ಎಂಬುದು ಈ ವಿಷಯದ ಮೂಲಭೂತ ವೈರುದ್ಧ್ಯ.

ಹಾಡಿನ ಸಂಗ್ರಹ

ಈ ಸೀಮೆಯಲ್ಲಿ ಹಾಡಿನ ಸಂಗ್ರಹ ಜಿಲ್ಲೆ ರೂಪುಗೊಳ್ಳುವುದಕ್ಕೂ ಮೊದಲಿನದು. ಕೃಷ್ಣರಾಜಪೇಟೆ ತಾಲ್ಲೂಕಿನ ಬಂಡಿಹೊಳೆಯವರಾದ ಅರ್ಚಕ ಬಿ. ರಂಗಸ್ವಾಮಿಯವರ ‘ಹುಟ್ಟಿದ ಹಳ್ಳಿ ಹಳ್ಳಿಯ ಹಾಡು’ 1933ರಲ್ಲಿ ಪ್ರಕಟವಾಯಿತು. ಕನ್ನಡದಲ್ಲಿ ಜಾನಪದ ಅಧ್ಯಯನವು ವಿಶ್ವವಿದ್ಯಾನಿಲಯದ ವಿಷಯವಾಗುವುದಕ್ಕೆ ಎಷ್ಟೋ ವರ್ಷ ಮೊದಲು, ಒಂದೇ ಊರಿನ ಬದುಕನ್ನೂ ಹಾಡನ್ನೂ ಒಟ್ಟಿಗೆ ನೋಡಿದ ಕೃತಿಯಿದು. ಹಾಡನ್ನು ಅದು ಹುಟ್ಟಿದ ಊರಿನಿಂದ ಕಿತ್ತು ತರಲಿಲ್ಲವೆಂಬುದೇ ಇದರ ಹೆಚ್ಚುಗಾರಿಕೆ. ಊರು ಬದಲಾಗಿರುವ ಇಂದಿಗೂ ಆ ಹಾಡುಗಳು ಅರ್ಥ ಕಳೆದುಕೊಳ್ಳದಿರುವುದಕ್ಕೆ ಇದೇ ಕಾರಣ.

ಮುಂದಿನ ಘಟ್ಟವನ್ನು ಪ್ರತಿನಿಧಿಸುವವರು ನಾಗಮಂಗಲ ತಾಲ್ಲೂಕಿನ ಹೆರಗನಹಳ್ಳಿಯಲ್ಲಿ 1915ರಲ್ಲಿ ಜನಿಸಿದ ಎಚ್. ಎಲ್. ನಾಗೇಗೌಡರು. ಭಾರತೀಯ ಆಡಳಿತ ಸೇವೆಯ ಅಧಿಕಾರಿಯಾಗಿದ್ದ ಅವರಿಗೆ ಜಾನಪದ ವೃತ್ತಿಯಾಗಿರಲಿಲ್ಲ. ಕಡತಗಳಿಂದ ಬಿಡಿಸಿಕೊಂಡ ಹೊತ್ತಿನ ಪ್ರೀತಿಯಾಗಿತ್ತು. ‘ಸೋಬಾನೆ ಚಿಕ್ಕಮ್ಮನ ಪದಗಳು’ ಎಂಬ ಅವರ ಸಂಕಲನದ ಶೀರ್ಷಿಕೆಯನ್ನೇ ಗಮನಿಸಬಹುದು. ಹಾಡಿಕೆಯ ಹೆಣ್ಣುಮಗಳ ಹೆಸರು ಇಲ್ಲಿ ಪುಸ್ತಕದ ಹೆಸರಿನಲ್ಲೇ ಸೇರಿದೆ. ಹೇಳಿದವರ ಹೆಸರನ್ನು ಮುನ್ನುಡಿಯ ಕೊನೆಗೆ ತಳ್ಳುವುದು ಸಾಮಾನ್ಯವಾಗಿದ್ದಾಗ ಇದು ಸಣ್ಣ ಮಾತಲ್ಲ.

ನಾಗೇಗೌಡರ ನಿಜವಾದ ದೂರದೃಷ್ಟಿ ಕಾಣುವುದು ಸಂಗ್ರಹವನ್ನು ತಮ್ಮ ಕೈಯಿಂದ ಬಿಡಿಸಿಕೊಟ್ಟ ಬಗೆಯಲ್ಲಿ. 1979ರಲ್ಲಿ ಅವರು ಕರ್ನಾಟಕ ಜಾನಪದ ಪರಿಷತ್ತನ್ನು ಸ್ಥಾಪಿಸಿದರು. ರಾಮನಗರದ ಬಳಿ, ಬೆಂಗಳೂರು–ಮೈಸೂರು ಹೆದ್ದಾರಿಯ ಬದಿಯ ಹದಿನೈದು ಎಕರೆ ಜಾಗದಲ್ಲಿ ಪರಿಷತ್ತಿನ ಜಾನಪದ ಲೋಕ ರೂಪುಗೊಂಡು 1994ರಲ್ಲಿ ಉದ್ಘಾಟನೆಯಾಯಿತು. ಲೋಕಮಾತಾ ಮಂದಿರ, ಲೋಕಮಹಲ್, ಚಿತ್ರಕುಟೀರ ಮೊದಲಾದ ವಿಭಾಗಗಳಲ್ಲಿ ಅಡುಗೆಮನೆಯ ಪಾತ್ರೆಯಿಂದ ಬೇಸಾಯದ ಮುಟ್ಟುಗಳವರೆಗೆ, ತೊಗಲುಗೊಂಬೆಯಿಂದ ಯಕ್ಷಗಾನದ ವೇಷದವರೆಗೆ ಎಲ್ಲಕ್ಕೂ ನೆಲೆ ದೊರೆಯಿತು. 2005ರಲ್ಲಿ ನಾಗೇಗೌಡರು ನಿಧನರಾದರು, ಲೋಕ ಉಳಿಯಿತು. ಹವ್ಯಾಸವು ಸಂಸ್ಥೆಯಾಗಿ ಮಾರ್ಪಟ್ಟಿದ್ದರಿಂದ ಅದಕ್ಕೆ ವಾರಸುದಾರಿಕೆ ದೊರೆಯಿತು.

ಪುಸ್ತಕದ ಮನೆ

ಪಾಂಡವಪುರ ತಾಲ್ಲೂಕಿನ ಹರಳಹಳ್ಳಿಯಲ್ಲಿರುವ ‘ಪುಸ್ತಕದ ಮನೆ’ ಇನ್ನೊಂದು ಬಗೆಯ ನಿದರ್ಶನ. ಇದನ್ನು ಕಟ್ಟಿದ ಅಂಕೇಗೌಡರು ಒಕ್ಕಲು ಮನೆತನದವರು. ಬಸ್ ಕಂಡಕ್ಟರ್ ಆಗಿದ್ದು, ಕನ್ನಡ ಸಾಹಿತ್ಯದಲ್ಲಿ ಸ್ನಾತಕೋತ್ತರ ಪದವಿ ಪಡೆದು, ಪಾಂಡವಪುರದ ಸಹಕಾರಿ ಸಕ್ಕರೆ ಕಾರ್ಖಾನೆಯಲ್ಲಿ ಸುಮಾರು ಮೂರು ದಶಕ ದುಡಿದವರು. ಸಂಬಳದ ಹೆಚ್ಚಿನ ಭಾಗ ಪುಸ್ತಕಕ್ಕೆ ಹೋಯಿತು. ಸಾಲದೆ ಬಂದಾಗ ಮೈಸೂರಿನಲ್ಲಿದ್ದ ಆಸ್ತಿಯನ್ನೂ ಮಾರಿದರು. ಕುಟುಂಬದವರೂ ಪುಸ್ತಕಗಳ ನಡುವೆಯೇ ವಾಸಿಸುವಂತಾಯಿತು. ಇಂದು ಅಲ್ಲಿರುವ ಪುಸ್ತಕಗಳ ಸಂಖ್ಯೆ ಇಪ್ಪತ್ತು ಲಕ್ಷವೆಂದು ಹೇಳಲಾಗುತ್ತದೆ. ಬೇರೆ ಬೇರೆ ಭಾಷೆಗಳ ನಿಘಂಟುಗಳು, ಎಲ್ಲ ಮತಗಳ ಧರ್ಮಗ್ರಂಥಗಳು, ಹಳೆಯ ನಿಯತಕಾಲಿಕೆಗಳು, ಪರೀಕ್ಷೆಗೆ ಓದುವವರ ಪಠ್ಯಗಳು ಎಲ್ಲವೂ ಅಲ್ಲಿವೆ, ಓದುವವರಿಗೆ ಶುಲ್ಕವಿಲ್ಲ. 2026ರಲ್ಲಿ ಅಂಕೇಗೌಡರಿಗೆ ಪದ್ಮಶ್ರೀ ಪ್ರಶಸ್ತಿ ಘೋಷಣೆಯಾಯಿತು.

ವಿದ್ವಾಂಸನ ಗ್ರಂಥಭಂಡಾರಕ್ಕೂ ಇದಕ್ಕೂ ಭೇದವಿದೆ. ವಿದ್ವಾಂಸ ತನ್ನ ವಿಷಯಕ್ಕೆ ಬೇಕಾದುದನ್ನು ಆರಿಸಿಕೊಳ್ಳುತ್ತಾನೆ. ಇಲ್ಲಿ ಆಯ್ಕೆಯಿಲ್ಲ, ಬಂದದ್ದೆಲ್ಲಕ್ಕೂ ಜಾಗ. ರದ್ದಿಗೆ ಹೋಗಬಹುದಾಗಿದ್ದ ಪುಸ್ತಕಕ್ಕೂ ಇಲ್ಲಿ ತಡೆಯಿಲ್ಲ. ಗ್ರಂಥಾಲಯ ವಿಜ್ಞಾನದ ದೃಷ್ಟಿಗೆ ಇದು ಕೊರತೆಯಾಗಿ ಕಾಣಬಹುದು. ಮುಂದಿನ ಸಂಶೋಧಕನಿಗೆ ಯಾವುದು ಬೇಕಾದೀತೆಂದು ಇಂದಿನವರು ಹೇಳಲಾಗದಿರುವುದರಿಂದ ಇದೇ ಅದರ ಶಕ್ತಿಯೂ ಹೌದು. ತೊಂದರೆ ಇರುವುದು ಬೇರೆಡೆ. ಪುಸ್ತಕಗಳು ಕಪಾಟುಗಳನ್ನು ಮೀರಿ ನೆಲದ ಮೇಲೆ ರಾಶಿಯಾಗಿವೆ. ಬಿಚ್ಚದ ಮೂಟೆಗಳೂ ಇವೆ. ಇಷ್ಟು ದೊಡ್ಡ ಸಂಗ್ರಹಕ್ಕೆ ತಕ್ಕ ಸೂಚಿಯಿಲ್ಲದಿದ್ದರೆ ಯಾವ ಪುಸ್ತಕ ಎಲ್ಲಿದೆಯೆಂಬ ಅರಿವು ಸಂಗ್ರಾಹಕರ ನೆನಪನ್ನೇ ಅವಲಂಬಿಸುತ್ತದೆ. ಆ ನೆನಪೇ ಇಲ್ಲಿ ಸೂಚಿ, ಅದಕ್ಕೆ ಪ್ರತಿಯಿಲ್ಲ.

ಬೀಜದ ಸಂಗ್ರಹ

ಮಳವಳ್ಳಿ ತಾಲ್ಲೂಕಿನ ಕಿರುಗಾವಲಿನ ಸೈಯದ್ ಘನಿ ಖಾನ್ ಅವರದು ಜೀವಂತ ಸಂಗ್ರಹ. ವಸ್ತುಸಂಗ್ರಹಾಲಯದ ಪಾಲಕರಾಗಬೇಕೆಂದು ಬಯಸಿದ್ದ ಅವರು ಕುಟುಂಬದ ಬೇಸಾಯವನ್ನು ವಹಿಸಿಕೊಳ್ಳಬೇಕಾಯಿತು. ಆ ಬಯಕೆ ಗದ್ದೆಯಲ್ಲಿ ಬೇರೆ ರೂಪ ತಾಳಿತು. ಮೊದಲು ಸುತ್ತಲಿನ ಊರುಗಳಿಂದ, ಅನಂತರ ದೇಶದ ಬೇರೆ ಬೇರೆ ಪ್ರದೇಶಗಳಿಂದ ತಂದ ಒಂದು ಸಾವಿರಕ್ಕೂ ಹೆಚ್ಚು ಭತ್ತದ ತಳಿಗಳನ್ನು ಅವರು ಉಳಿಸಿಕೊಂಡಿದ್ದಾರೆ. ಮನೆತನದ ‘ಬಡಾ ಬಾಗ್’ ಎಂಬ ತೋಟದಲ್ಲಿ ನೂರಕ್ಕೂ ಹೆಚ್ಚು ಬಗೆಯ ಮಾವಿನ ಮರಗಳಿವೆ. ಈ ತೋಟ ಟಿಪ್ಪುವಿನ ಕಾಲದ್ದೆಂಬುದು ಮನೆತನದಲ್ಲಿ ಉಳಿದುಬಂದ ಮಾತು.

ಒಂದು ಮನೆಯ ಊಟಕ್ಕೆ ಎರಡು ಮೂರು ಬಗೆಯ ಭತ್ತ ಸಾಕು. ಸಾವಿರ ತಳಿಗಳನ್ನು ಬೆಳೆಯುವುದು ಬೇಸಾಯದ ಲೆಕ್ಕಕ್ಕೆ ಸಿಗುವುದಲ್ಲ. ಅದು ಸಂಗ್ರಾಹಕನ ಪ್ರವೃತ್ತಿ. ಆದರೆ ಪುಸ್ತಕದಂತೆ ಬೀಜವನ್ನು ಮೂಟೆಯಲ್ಲಿ ಕಟ್ಟಿಡುವಂತಿಲ್ಲ. ಸಾಧಾರಣ ಕೋಣೆಯಲ್ಲಿಟ್ಟ ಭತ್ತದ ಮೊಳಕೆಯ ಶಕ್ತಿ ಒಂದೆರಡು ವರ್ಷಗಳಲ್ಲಿ ಕುಂದುತ್ತದೆ. ಆದ್ದರಿಂದ ಪ್ರತಿಯೊಂದು ತಳಿಯನ್ನೂ ಸಣ್ಣ ಪಾತಿಯಲ್ಲಿ ಮತ್ತೆ ಮತ್ತೆ ಬಿತ್ತಿ, ನಾಟಿ ಮಾಡಿ, ತೆನೆಯ ಬಣ್ಣ, ಎತ್ತರ, ಕಾಳಿನ ಆಕಾರ ನೋಡಿ ಬೆರಕೆಯನ್ನು ಕಿತ್ತು, ಬೇರೆಯಾಗಿ ಕೊಯ್ದು, ಬೇರೆಯಾಗಿ ಬಡಿದು, ಹೆಸರು ಬರೆದು ಇಡಬೇಕು. ಭತ್ತ ಬಹುಮಟ್ಟಿಗೆ ಸ್ವಕೀಯ ಪರಾಗಸ್ಪರ್ಶದ ಬೆಳೆಯಾದುದರಿಂದ ಗದ್ದೆಯಲ್ಲಿ ಬೆರೆಯುವುದಕ್ಕಿಂತ ಕಣದಲ್ಲಿ ಬೆರೆಯುವ ಅಪಾಯ ಹೆಚ್ಚು. ಒಂದು ವರ್ಷ ನಾಲೆಗೆ ನೀರು ಬಿಡದಿದ್ದರೂ ಸಂಗ್ರಹಕ್ಕೆ ಆತಂಕ. ಎರಡನೆಯ ಮಹಾಯುದ್ಧದಲ್ಲಿ ಲೆನಿನ್‌ಗ್ರಾಡ್ ನಗರಕ್ಕೆ ಮುತ್ತಿಗೆ ಬಿದ್ದಾಗ ಅಲ್ಲಿನ ಬೀಜಭಂಡಾರದ ವಿಜ್ಞಾನಿಗಳು ಹಸಿವಿನಿಂದ ಸಾಯುತ್ತಿದ್ದರೂ ಬೀಜವನ್ನು ತಿನ್ನದೆ ಉಳಿಸಿದ ಪ್ರಸಂಗ ಪ್ರಸಿದ್ಧವಾಗಿದೆ. ಕಿರುಗಾವಲಿನ ರೈತನ ಮುಂದೆ ಅಂಥ ಘೋರವಿಲ್ಲ. ಪ್ರತಿ ಮುಂಗಾರಿನಲ್ಲೂ ಮತ್ತೆ ಆರಂಭಿಸಬೇಕಾದ ದುಡಿಮೆಯಿದೆ.

ಜಾನಪದದ ದೃಷ್ಟಿಯಿಂದ ಇಲ್ಲಿ ಬೀಜದಷ್ಟೇ ಮುಖ್ಯವಾದುದು ಅದರ ಹೆಸರು. ರಾಜಮುಡಿ, ರತ್ನಚೂಡಿ, ಗಂಧಸಾಲೆ, ದೊಡ್ಡಬೈರನೆಲ್ಲು ಎಂಬ ಹೆಸರುಗಳಲ್ಲಿ ಕಾಳಿನ ರೂಪ, ಪರಿಮಳ, ಬೆಳೆದವರ ಕಲ್ಪನೆ ಎಲ್ಲವೂ ಸೇರಿವೆ. ರಾಜಮುಡಿ ಮೈಸೂರು ಅರಸರ ಊಟಕ್ಕೆ ಮೀಸಲಾಗಿತ್ತೆಂಬ ಐತಿಹ್ಯವಿದೆ. ಇದೇ ಜಿಲ್ಲೆಯ ವಿ.ಸಿ. ಫಾರಂ ಸಂಶೋಧನಾ ಕೇಂದ್ರದಿಂದ 1996ರಲ್ಲಿ ಬಿಡುಗಡೆಯಾದ ಸಂಕರಣ ತಳಿಯ ಹೆಸರು ಕೆ.ಆರ್.ಎಚ್.-2. ಅದರ ಉಪಯುಕ್ತತೆ ಬೇರೆಯ ಮಾತು; ಆ ಹೆಸರಿನ ಸುತ್ತ ಕಥೆ ಹುಟ್ಟಲಾರದು. ಹೆಸರೂ ಕಥೆಯೂ ಅಳಿದ ಮೇಲೆ ಉಳಿಯುವ ಬೀಜ ಬರಿಯ ಭತ್ತವಷ್ಟೆ.

ಊರೇ ಪಾಲಕನಾದಾಗ

ಈ ಮೂರಕ್ಕಿಂತ ಭಿನ್ನವಾದ ನಿದರ್ಶನ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನದು. ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆಗಳು ಊರಿನ ನಡುವಿನ ಹುಣಸೆ ಮರಗಳಲ್ಲಿ ಗೂಡು ಕಟ್ಟುವುದನ್ನು 1976ರಲ್ಲಿ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳರು ಹೊರಜಗತ್ತಿನ ಗಮನಕ್ಕೆ ತಂದರು. 1994ರಿಂದ ಮೈಸೂರಿನ ಹವ್ಯಾಸಿ ಪ್ರಕೃತಿ ವೀಕ್ಷಕರ ಸಂಘಟನೆಯೊಂದು ಊರವರೊಡನೆ ಸೇರಿ ಗೂಡುಗಳನ್ನು ಗಮನಿಸುವ, ಮರದಿಂದ ಬಿದ್ದ ಮರಿಗಳನ್ನು ಸಾಕಿ ಬಿಡುವ ಕೆಲಸದಲ್ಲಿ ತೊಡಗಿತು. ಊರಿನಲ್ಲೇ ‘ಹೆಜ್ಜಾರ್ಲೆ ಬಳಗ’ ಹುಟ್ಟಿಕೊಂಡಿತು. 2007ರಲ್ಲಿ ಇದು ಸಮುದಾಯ ಮೀಸಲು ಪ್ರದೇಶವೆಂದು ಘೋಷಿತವಾಯಿತು.

ಪಕ್ಷಿವೀಕ್ಷಕ ಮನೆಗೆ ಒಯ್ಯುವುದು ಟಿಪ್ಪಣಿಯನ್ನು ಮಾತ್ರ. ಹಕ್ಕಿಗಳನ್ನು ಉಳಿಸಿದ್ದು ಹುಣಸೆಯ ಫಸಲಿನ ಆಸೆ ಬಿಟ್ಟ ಮನೆಗಳು. ಈ ಹಕ್ಕಿಗಳು ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳೆಂಬ ನಂಬಿಕೆ ಆ ಊರಿನಲ್ಲಿದೆ; ಹಿಕ್ಕೆ ಗದ್ದೆಗೆ ಗೊಬ್ಬರವೂ ಆಗುತ್ತದೆ. ನಂಬಿಕೆ ಮತ್ತು ಪ್ರಯೋಜನ ಎರಡೂ ಕೂಡಿದಲ್ಲಿ ಹವ್ಯಾಸಿಯ ಕುತೂಹಲಕ್ಕೆ ಊರೇ ವಾರಸುದಾರನಾಗುತ್ತದೆ.

ಸಮಾರೋಪ

ಖಾಸಗಿ ಸಂಗ್ರಹ ಸಾರ್ವಜನಿಕವಾಗುವುದು ಲೋಕದಲ್ಲಿ ಹೊಸದಲ್ಲ. ವೈದ್ಯ ಹ್ಯಾನ್ಸ್ ಸ್ಲೋನ್ ಅವರ ಸಂಗ್ರಹವೇ 1753ರಲ್ಲಿ ಬ್ರಿಟಿಷ್ ಮ್ಯೂಸಿಯಂನ ಸ್ಥಾಪನೆಗೆ ಮೂಲವಾಯಿತು. ಹೈದರಾಬಾದಿನ ಸಾಲಾರ್ ಜಂಗ್ ವಸ್ತುಸಂಗ್ರಹಾಲಯ 1951ರಲ್ಲಿ ಇದೇ ರೀತಿಯಲ್ಲಿ ಜನರಿಗೆ ತೆರೆದುಕೊಂಡಿತು. ಆದರೆ ಅವು ಸಿರಿವಂತರ ಸಂಗ್ರಹಗಳು. ಮಂಡ್ಯ ಸೀಮೆಯವು ಬಹುಮಟ್ಟಿಗೆ ಸಂಬಳದಿಂದ, ಫಸಲಿನಿಂದ ಉಳಿಸಿದ ಹಣದ ಮೇಲೆ ನಿಂತವು. ಅವುಗಳಿಗೆ ಒದಗಬೇಕಾದ ಆಸರೆಯೂ ಅದಕ್ಕೆ ತಕ್ಕುದಾಗಿರಬೇಕು.

ಮೇಲಿನ ನಿದರ್ಶನಗಳಿಂದ ತಿಳಿದುಬರುವುದೇನೆಂದರೆ, ಒಂದೊಂದು ಸಂಗ್ರಹಕ್ಕೂ ಅಳಿವಿನ ಬಗೆ ಬೇರೆ, ಆದ್ದರಿಂದ ಉಳಿವಿನ ಬಗೆಯೂ ಬೇರೆ. ಹಾಡಿಗೆ ಹಾಡುವ ಸಂದರ್ಭ ಬೇಕು, ಪುಸ್ತಕಕ್ಕೆ ಸೂಚಿ ಬೇಕು, ಬೀಜಕ್ಕೆ ಪ್ರತಿ ವರ್ಷ ಗದ್ದೆ ಬೇಕು. ಎಲ್ಲಕ್ಕೂ ಸಮಾನವಾಗಿ ಬೇಕಾದುದೊಂದಿದೆ: ಸಂಗ್ರಾಹಕನ ತಿಳಿವಳಿಕೆಯ ದಾಖಲೆ. ಈ ಹಾಡನ್ನು ಯಾರು ಹಾಡಿದರು, ಈ ಪುಸ್ತಕ ಯಾರ ಮನೆಯಿಂದ ಬಂತು, ಈ ಬೀಜವನ್ನು ಯಾವ ಊರಿನ ಯಾವ ಒಕ್ಕಲು ಕೊಟ್ಟಿತು ಎಂಬ ವಿವರಗಳು ವಸ್ತುವಿನ ಮೇಲೆ ಬರೆದಿರುವುದಿಲ್ಲ. ಅವನ್ನು ಸಂಗ್ರಾಹಕನ ಬಾಯಿಂದಲೇ ಕೇಳಬೇಕು, ಅವನು ಇರುವಾಗಲೇ ಕೇಳಬೇಕು.

ಜಾನಪದ ಕ್ಷೇತ್ರಕಾರ್ಯವು ಇಲ್ಲಿಯವರೆಗೆ ಹಾಡುಗಾರರ, ಕಥೆಗಾರರ ಬಳಿಗೆ ಹೋಗಿದೆ. ಇನ್ನು ಮುಂದೆ ಸಂಗ್ರಾಹಕರನ್ನೂ ವಕ್ತೃಗಳೆಂದು ಪರಿಗಣಿಸಿ ಅವರ ಬಳಿಗೂ ಹೋಗಬೇಕಾಗಿದೆ. ಜಿಲ್ಲೆಯ ಕಾಲೇಜುಗಳ ಕನ್ನಡ ವಿಭಾಗಗಳು ಮತ್ತು ಗ್ರಂಥಾಲಯಗಳು ಒಂದೊಂದು ಸಂಗ್ರಹದ ಸೂಚಿಯನ್ನು, ಅದರ ಹಿಂದಿನ ಮೌಖಿಕ ಚರಿತ್ರೆಯನ್ನು ಸಿದ್ಧಪಡಿಸುವ ಹೊಣೆ ಹೊತ್ತರೆ ದೊಡ್ಡ ಕಟ್ಟಡವಿಲ್ಲದೆಯೂ ಬಹಳಷ್ಟು ಉಳಿಯುತ್ತದೆ. ನೀಲಗಾರನ ತಂಬೂರಿಗೆ ಅವನ ಪರಂಪರೆಯೇ ಮುಂದಿನ ಕೈಯನ್ನು ಗೊತ್ತುಮಾಡಿದೆ. ಹವ್ಯಾಸಿಯ ಸಂಗ್ರಹಕ್ಕೆ ಆ ಕೈಯನ್ನು ಸಮಾಜವೇ ಗೊತ್ತುಮಾಡಬೇಕು.