ಓಸ್ಲೋದ ಆತಿಥ್ಯ, ನಮ್ಮ ಕಡಲು

ತೆಂಗಿನಗುಂಡಿಯ ಮೀನುಗಾರ ಕುಟುಂಬದವರೊಬ್ಬರು ನಾರ್ವೆಯ ರಾಜಧಾನಿ ಓಸ್ಲೋಗೆ ಹೋಗಿ ಅಲ್ಲಿಯ ಮನೆಯೊಂದರಲ್ಲಿ ನಾಲ್ಕು ದಿನ ತಂಗಿದರೆ ಎಲ್ಲವೂ ಅಪರಿಚಿತವೆನಿಸಲಾರದು. ಪಾದರಕ್ಷೆಯನ್ನು ಬಾಗಿಲಲ್ಲೇ ಕಳಚುವುದು ಅಲ್ಲಿಯೂ ರೂಢಿ. ಊಟದಲ್ಲಿ ಮೀನಿಗೆ ಗೌರವದ ಸ್ಥಾನವಿದೆ. ಉತ್ತರದ ಲೊಫೋಟೆನ್ ದ್ವೀಪಗಳಲ್ಲಿ ಕಾಡ್ ಮೀನನ್ನು ಉಪ್ಪು ಹಾಕದೆಯೇ ಮರದ ಅಟ್ಟಣೆಗಳಲ್ಲಿ ತೂಗುಹಾಕಿ ಒಣಗಿಸುತ್ತಾರೆ. ನಮ್ಮಲ್ಲಿ ಉಪ್ಪು, ಬಿಸಿಲು ಮಾಡುವ ಕೆಲಸವನ್ನು ಅಲ್ಲಿ ಚಳಿಗಾಳಿ ಮಾಡುತ್ತದೆ.

ಈ ಎರಡು ಕರಾವಳಿಗಳ ನಂಟು ಹೊಸತಲ್ಲ. 1940ರಿಂದ 1945ರವರೆಗೆ ಜರ್ಮನಿಯ ವಶದಲ್ಲಿದ್ದು ಬಳಲಿದ ನಾರ್ವೆ, ತಾನಿನ್ನೂ ಚೇತರಿಸಿಕೊಳ್ಳುತ್ತಿರುವಾಗಲೇ 1952ರಲ್ಲಿ ಹಿಂದುಳಿದ ದೇಶಗಳಿಗಾಗಿ ನೆರವಿನ ನಿಧಿಯನ್ನು ಸ್ಥಾಪಿಸಿತು. ಅದೇ ವರ್ಷ ಅಕ್ಟೋಬರ್ 17ರಂದು ಭಾರತ, ನಾರ್ವೆ ಮತ್ತು ವಿಶ್ವಸಂಸ್ಥೆ ಒಪ್ಪಂದಕ್ಕೆ ಸಹಿ ಹಾಕಿದವು. ಕೊಲ್ಲಂ ಬಳಿಯ ನೀಂಡಕರ ಪ್ರದೇಶಕ್ಕೆ ಯಂತ್ರದ ದೋಣಿ, ಮಂಜುಗಡ್ಡೆ ಕಾರ್ಖಾನೆ, ಆಸ್ಪತ್ರೆ, ಕುಡಿಯುವ ನೀರು ಬಂದವು. 1960ರ ದಶಕದಲ್ಲಿ ಯೋಜನೆಯು ನಮ್ಮ ಕಾರವಾರಕ್ಕೂ ವಿಸ್ತರಿಸಿತು. 1972ರಲ್ಲಿ ಅದನ್ನು ಭಾರತ ಸರ್ಕಾರವೇ ವಹಿಸಿಕೊಂಡಿತು.

ಕೊಡುವವರ ಮನಸ್ಸು ದೊಡ್ಡದಾಗಿತ್ತು. ಆದರೆ ಪಡೆಯುವವರ ಬದುಕನ್ನು ಅವರು ಮೊದಲೇ ಅರಿತಿದ್ದರೇ? ಈ ಪ್ರಶ್ನೆಯನ್ನು ಎತ್ತಿದವರೂ ನಾರ್ವೆಯವರೇ. ಮಾನವಶಾಸ್ತ್ರಜ್ಞ ಆರ್ನೆ ಮಾರ್ಟಿನ್ ಕ್ಲೌಸೆನ್ ಆ ಊರುಗಳಲ್ಲಿ ಅಧ್ಯಯನ ನಡೆಸಿ 1968ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು. ಶಕ್ತಿಕುಳಂಗರದ ಕ್ರೈಸ್ತ ಮೀನುಗಾರರಿಗೂ ನೆರೆಯ ಪುತ್ತನ್‌ತುರದ ಹಿಂದೂ ಮೀನುಗಾರರಿಗೂ ದೊರೆತ ನೆರವು ಒಂದೇ. ಫಲ ಮಾತ್ರ ಒಂದೇ ಆಗಲಿಲ್ಲ. ಜನರ ಕಟ್ಟುಪಾಡುಗಳನ್ನು ತಿಳಿಯದೆ ಯೋಜನೆ ರೂಪಿಸಬಾರದೆಂಬುದು ಅವರ ಅಧ್ಯಯನದ ಪಾಠ.

ಆ ಪಾಠ ನಮ್ಮ ಕಡಲಿಗೂ ಸಲ್ಲುತ್ತದೆ. ಹತ್ತಾರು ಮಂದಿ ದಡದಲ್ಲಿ ನಿಂತು ಎಳೆಯುತ್ತಿದ್ದ ರಂಪಣಿ ಬಲೆಯಲ್ಲಿ ದುಡಿದವರಿಗೆಲ್ಲ ಪಾಲಿರುತ್ತಿತ್ತು. 1970ರ ದಶಕದ ನಡುವಿನಲ್ಲಿ ಕರ್ನಾಟಕದ ಕರಾವಳಿಗೆ ಪರ್ಸೀನ್ ಬಲೆ ಬಂದ ಮೇಲೆ ರಂಪಣಿ ಹಿಂದೆ ಸರಿಯಿತು. ಬಂಡವಾಳವಿದ್ದವರು ಮುಂದೆ ಹೋದರು. ಇದಕ್ಕೆಲ್ಲ ನಾರ್ವೆಯೇ ಹೊಣೆ ಎನ್ನುವುದು ಅನ್ಯಾಯವಾದೀತು. ಯಂತ್ರದಿಂದ ನಮಗೆ ಲಾಭವೇ ಆಗಲಿಲ್ಲ ಎನ್ನುವುದೂ ಸುಳ್ಳು. ಕಡಲಿನಲ್ಲಿ ದುಡಿಯುವವರ ಶ್ರಮ ಹಗುರವಾಯಿತು, ದೂರದ ಮಾರುಕಟ್ಟೆಗಳು ತೆರೆದವು.

ನಮ್ಮ ಮಕ್ಕಳು ಇಂದು ಓದಿಗಾಗಿ, ಉದ್ಯೋಗಕ್ಕಾಗಿ ಪರದೇಶಗಳಿಗೆ ಹೋಗುತ್ತಾರೆ, ಅಲ್ಲಿಯ ಕುಟುಂಬಗಳ ಅನ್ನ ಉಣ್ಣುತ್ತಾರೆ. ಅವರಿಗೆ ಈ ಚರಿತ್ರೆ ತಿಳಿದಿರಲಿ. ಅಂದಿನ ನೆರವಿಗೆ ಕೃತಜ್ಞತೆಯನ್ನೂ, ದಡದಲ್ಲಿಯೇ ಉಳಿದುಹೋದ ರಂಪಣಿಯವರ ಸಂಗತಿಯನ್ನೂ ಅವರು ಸಂಕೋಚವಿಲ್ಲದೆ ಹೇಳುವಂತಾಗಲಿ.